ಎಂಟು ತಿಂಗಳ ಕೂಸಿನೊಂದಿಗೆ ಕೊಚ್ಚಿ: ನೀರು, ನೆರಳು, ಏತ್ತಪ್ಪಳ

ಬಾಣಂತನ ಮುಗಿಸಿ ತವರಿನಿಂದ ಬೆಂಗಳೂರಿಗೆ ಮರಳಿದ ಗೆಳತಿ, ಅವಳ ಎಂಟು ತಿಂಗಳ ಮಗಳು, ಜೊತೆಗೆ ಹಾಸ್ಟೆಲ್ ಕಾಲದ ನಾವಿಬ್ಬರು. ಕೊಚ್ಚಿಯನ್ನು ನಮ್ಮಲ್ಲಿ ಯಾರೂ ಮೊದಲು ನೋಡಿರಲಿಲ್ಲ. ಹೊರಟದ್ದು ನವೆಂಬರ್ ಕೊನೆಯಲ್ಲಿ. ಎಂಟನೇ ತಿಂಗಳು ಇಂಥ ತಿರುಗಾಟಕ್ಕೆ ಹೇಳಿ ಮಾಡಿಸಿದ ಸಮಯ. ಮಗು ಕೂತು ಉಣ್ಣುತ್ತದೆ, ಇನ್ನೂ ಎದ್ದು ಓಡುವುದಿಲ್ಲ. ಒಂಬತ್ತು ತುಂಬಿದ ಕೂಡಲೇ ದಡಾರದ ಲಸಿಕೆ ಇರುತ್ತದೆ. ಅದರ ಜ್ವರ ಕೆಲವು ಮಕ್ಕಳಿಗೆ ಚುಚ್ಚಿದ ದಿನವಲ್ಲ, ವಾರ ಕಳೆದ ಮೇಲೆ ಬರುತ್ತದೆ. ಹಾಗಾಗಿ ಲಸಿಕೆಗೆ ಮೊದಲೇ ಹೋಗಿಬರುವುದು ಒಳ್ಳೆಯದು.

ಶನಿವಾರ ರಾತ್ರಿಯ ರೈಲು, ಮಂಗಳವಾರ ಸಂಜೆ ವಾಪಸ್. ಈ ದಿನಗಳನ್ನು ಲೆಕ್ಕ ಹಾಕಿಯೇ ಆರಿಸಿದ್ದು. ಬೆಂಗಳೂರಿನ ಮಲಯಾಳಿಗಳು ಊರಿಗೆ ಹೊರಡುವುದು ಶುಕ್ರವಾರ, ಮರಳುವುದು ಭಾನುವಾರ. ಮಟ್ಟಾಂಚೇರಿಯ ಅರಮನೆಗೆ ಶುಕ್ರವಾರ ರಜೆ, ಯಹೂದಿಗಳ ಸಿನಗಾಗ್‌ಗೆ ಶನಿವಾರ ರಜೆ, ತ್ರಿಪ್ಪೂಣಿತ್ತುರದ ಹಿಲ್ ಪ್ಯಾಲೇಸ್‌ಗೆ ಸೋಮವಾರ ರಜೆ. ಭಾನುವಾರ ಇಳಿದು ಮಂಗಳವಾರ ಹೊರಟರೆ ಮೂರೂ ಸಿಗುತ್ತವೆ. ಆದರೆ ನವೆಂಬರ್ ಮಧ್ಯದಿಂದ ಜನವರಿ ಮಧ್ಯದವರೆಗೆ ಶಬರಿಮಲೆಯ ಕಾಲ. ಕರ್ನಾಟಕದ ಮಾಲಾಧಾರಿಗಳಿಂದ ಕೇರಳದ ರೈಲುಗಳೆಲ್ಲ ತುಂಬಿರುತ್ತವೆ, ಟಿಕೆಟ್ ಬೇಗ ಮಾಡಿಸಬೇಕು. ಐದು ವರ್ಷದೊಳಗಿನ ಮಕ್ಕಳಿಗೆ ರೈಲಿನಲ್ಲಿ ಟಿಕೆಟ್ ಬೇಡ, ಬರ್ತೂ ಕೊಡುವುದಿಲ್ಲ. ಕೆಳಗಿನ ಬರ್ತಿನಲ್ಲಿ ಗೋಡೆಯ ಕಡೆ ಮಗು, ಅಂಚಿನ ಕಡೆ ತಾಯಿ. ಎ.ಸಿ. ಬೋಗಿಯಲ್ಲಿ ನಡುರಾತ್ರಿ ಚಳಿ ಏರುತ್ತದೆ. ಮಗುವಿಗೆ ದಪ್ಪ ಕಂಬಳಿ ಹೊದಿಸುವ ಬದಲು ಎರಡು ಪದರ ಹತ್ತಿ ಬಟ್ಟೆ, ಕಾಲುಚೀಲ ಹಾಕಿದರೆ ಸಾಕು. ಕಂಬಳಿ ಜಾರಿ ಮುಖದ ಮೇಲೆ ಬೀಳುವ ಭಯವೂ ಇರುವುದಿಲ್ಲ.

ಮೊದಲ ದಿನ, ಭಾನುವಾರ: ಫೋರ್ಟ್ ಕೊಚ್ಚಿ

ಎರ್ನಾಕುಲಂ ಟೌನ್ ನಿಲ್ದಾಣದ ಹೊರಗೆ ಕಾಲಿಟ್ಟ ಕೂಡಲೇ ಸೆಖೆ ಮೈಗೆ ಅಂಟಿಕೊಂಡಿತು. ಬೆಳಗಿನ ಹೊತ್ತಿಗೇ ಹಾಗೆ. ರೈಲಿನ ಎರಡು ಪದರದಲ್ಲಿ ಒಂದನ್ನು ಪ್ಲಾಟ್‌ಫಾರ್ಮಿನಲ್ಲೇ ಕಳಚಬೇಕು, ಇಲ್ಲದಿದ್ದರೆ ಮಧ್ಯಾಹ್ನದೊಳಗೆ ಕತ್ತಿನ ಮಡಿಕೆಯಲ್ಲಿ ಬೆವರುಸಾಲೆ ಏಳುತ್ತದೆ. ಅದಕ್ಕೆ ಪೌಡರ್ ಹಾಕಬಾರದು. ಬೆವರಿನ ರಂಧ್ರ ಮುಚ್ಚಿದ್ದರಿಂದಲೇ ಗುಳ್ಳೆ ಎದ್ದಿರುತ್ತದೆ, ಪೌಡರ್ ಬೆವರಿನೊಂದಿಗೆ ಸೇರಿ ಮಡಿಕೆಯಲ್ಲಿ ಗಟ್ಟಿಯಾಗಿ ಕೂರುತ್ತದೆ. ತಣ್ಣೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಗಾಳಿಗೆ ಬಿಟ್ಟರೆ ಇಳಿಯುತ್ತದೆ.

ಅಲ್ಲಿಂದ ಆಟೋದಲ್ಲಿ ಹೈಕೋರ್ಟ್ ಜೆಟ್ಟಿ. ಕೇರಳದಲ್ಲಿ 2022ರಲ್ಲಿ ನಿಗದಿ ಮಾಡಿದ ಆಟೋದ ಕನಿಷ್ಠ ದರ 30 ರೂಪಾಯಿ, ಅದು ಮೊದಲ ಒಂದೂವರೆ ಕಿಲೋಮೀಟರಿಗೆ. ಹೈಕೋರ್ಟ್ ಬಳಿಯಿಂದ ಫೋರ್ಟ್ ಕೊಚ್ಚಿಗೆ ವಾಟರ್ ಮೆಟ್ರೋ ಹೋಗುತ್ತದೆ. ಕೂಸಿರುವವರಿಗೆ ಕೊಚ್ಚಿ ಒಲಿಯುವುದು ಇಲ್ಲಿಯೇ. 2023ರ ಏಪ್ರಿಲ್‌ನಲ್ಲಿ ಶುರುವಾದ ಈ ಬೋಟುಗಳು ಬ್ಯಾಟರಿಯಲ್ಲಿ ಓಡುತ್ತವೆ, ಒಳಗೆ ಎ.ಸಿ. ಇದೆ, ಡೀಸೆಲ್ ಹೊಗೆಯಿಲ್ಲ, ಸದ್ದು ತೀರಾ ಕಡಿಮೆ. ಅದಕ್ಕಿಂತ ಮುಖ್ಯವಾದದ್ದು ಜೆಟ್ಟಿ. ಜನ ಹತ್ತುವ ಕಟ್ಟೆ ನೀರಿನ ಮೇಲೆ ತೇಲುತ್ತದೆ. ಭರತಕ್ಕೆ ಏರುತ್ತದೆ, ಇಳಿತಕ್ಕೆ ಇಳಿಯುತ್ತದೆ. ಹಾಗಾಗಿ ಕಟ್ಟೆಯೂ ಬೋಟಿನ ನೆಲವೂ ಯಾವಾಗಲೂ ಒಂದೇ ಮಟ್ಟ. ಮಡಿಲಲ್ಲಿ ಮಗು ಇದ್ದಾಗ ಕಾಲು ಎತ್ತಿ ದಾಟುವ, ಜಿಗಿಯುವ ಪ್ರಸಂಗವೇ ಬರುವುದಿಲ್ಲ. ಹಳೆಯ ಸರ್ಕಾರಿ ಬೋಟಿನಲ್ಲಿ ಟಿಕೆಟ್ ಅಗ್ಗ, ಗಾಳಿ ಚೆನ್ನ, ಆದರೆ ಹತ್ತುವಾಗ ಬೋಟು ಅತ್ತಿತ್ತ ಆಡುತ್ತಿರುತ್ತದೆ. ಅದರಲ್ಲಿ ಹೋಗುವುದಾದರೆ ಒಬ್ಬರು ಮೊದಲು ದಾಟಿ ನಿಂತು, ತಾಯಿಯ ಕೈ ಹಿಡಿದು, ಚೀಲ ಹೊತ್ತವರು ಕೊನೆಗೆ ಹತ್ತಬೇಕು. ಕೂತ ಮೇಲೆ, ಮಗುವನ್ನು ಎದೆಗೆ ಕಟ್ಟಿಕೊಳ್ಳುವ ಕ್ಯಾರಿಯರ್‌ನ ಬಕಲ್ ಬಿಚ್ಚಿ ಮಗುವನ್ನು ತೋಳಲ್ಲಿ ಇಟ್ಟುಕೊಳ್ಳಬೇಕು. ನೀರಿನ ಮೇಲೆ ಮಗುವನ್ನು ಮೈಗೆ ಬಿಗಿದು ಕಟ್ಟಿಕೊಂಡಿರುವುದು ಸರಿಯಲ್ಲ.

ಭಾನುವಾರ ಹತ್ತು ಗಂಟೆಯ ಮೇಲೆ ಈ ಮಾರ್ಗಕ್ಕೆ ಸಾಲು ಬೆಳೆಯುತ್ತದೆ. ಬೋಟು ಭರ್ತಿಯಾದರೆ ಮುಂದಿನದಕ್ಕೆ ಕಾಯಬೇಕು. ರೈಲಿಳಿದು ನೇರವಾಗಿ ಬಂದಿದ್ದರಿಂದ ಮೊದಲ ಬೋಟುಗಳಲ್ಲೇ ಜಾಗ ಸಿಕ್ಕಿತು. ಮಳೆಗಾಲ ಮುಗಿದ ಮೇಲೆ ಹಿನ್ನೀರಿನಿಂದ ತೇಲಿಬರುವ ಅಂತರಗಂಗೆ ಕಾಲುವೆಯ ತುಂಬ ಹಸಿರು ಚಾಪೆಯಂತೆ ಹರಡಿತ್ತು. ಕೂಸು ಕಿಟಕಿಗೆ ಎರಡೂ ಅಂಗೈ ಒತ್ತಿ, ಸುಮಾರು 20 ನಿಮಿಷ, ಅದನ್ನೇ ನೋಡಿತು.

ತಂಗಿದ ಮನೆ ಹಳೆಯ ಕಾಲದ್ದು, ದಪ್ಪ ಗೋಡೆ, ಮರದ ಅಟ್ಟ. ಫೋರ್ಟ್ ಕೊಚ್ಚಿಯ ಹೋಂಸ್ಟೇಗಳಲ್ಲಿ ಮೇಲಿನ ಕೋಣೆ ಗಾಳಿಗೆ ಚೆಂದ, ಆದರೆ ಮರದ ಮೆಟ್ಟಿಲು ಏಣಿಯಷ್ಟು ಕಡಿದಾಗಿರುತ್ತದೆ. ಮಗು ಎತ್ತಿಕೊಂಡವರು ನೆಲಮಹಡಿಯನ್ನೇ ಕೇಳಿ ಪಡೆಯಬೇಕು. ಇನ್ನು ಮೂರು ವಿಷಯ ಫೋನಿನಲ್ಲೇ ಕೇಳಿಕೊಳ್ಳುವುದು ಒಳ್ಳೆಯದು: ಕಿಟಕಿಗೆ ಸೊಳ್ಳೆ ಜಾಲರಿ ಇದೆಯೇ, ಕರೆಂಟು ಹೋದರೆ ಫ್ಯಾನ್ ತಿರುಗುತ್ತದೆಯೇ, ಅಡುಗೆಮನೆಯಲ್ಲಿ ದಿನಕ್ಕೆ ಎರಡು ಸಲ ಹತ್ತು ನಿಮಿಷ ಒಲೆ ಸಿಗುತ್ತದೆಯೇ. ಕೊಚ್ಚಿಯ ಸೊಳ್ಳೆ ಹಗುರವಾಗಿ ತೆಗೆದುಕೊಳ್ಳುವಂಥದ್ದಲ್ಲ. ಹಾಸಿಗೆಯನ್ನು ಮಂಚದಿಂದ ಇಳಿಸಿ ನೆಲಕ್ಕೆ ಹಾಸಿದೆವು. ಹೊರಳುವ, ಅಂಬೆಗಾಲಿಡುವ ಮಗುವನ್ನು ಮಂಚದ ಮೇಲೆ ಬಿಟ್ಟು ದಿಂಬು ಅಡ್ಡ ಇಟ್ಟರೆ ಸಾಲದು. ಕೊಡೆಯ ಹಾಗೆ ಬಿಚ್ಚುವ ಸೊಳ್ಳೆಪರದೆ ಬೆಂಗಳೂರಿನಿಂದಲೇ ಬಂದಿತ್ತು.

ಮನೆಯೊಡತಿಯನ್ನು ಎಲ್ಲರೂ ಕರೆಯುವಂತೆ ಚೇಚಿ, ಅಂದರೆ ಅಕ್ಕ, ಎಂದೇ ಕರೆದೆವು. "ವಾವಯ್ಕ್ಕ್ ಎತ್ರ ಮಾಸಮಾಯಿ?" ಎಂದು ಕೇಳಿದರು. ಎಂಟು ಎಂದು ಬೆರಳು ತೋರಿಸಿದ್ದೇ ತಡ, ಒಳಗೆ ಹೋಗಿ ಹಬೆಯಲ್ಲಿ ಬೇಯಿಸಿದ ಒಂದು ಏತ್ತಪ್ಪಳ ತಂದರು. ನಾವು ನೇಂದ್ರ ಬಾಳೆ ಎನ್ನುವುದು ಅಲ್ಲಿ ಏತ್ತಪ್ಪಳ. ಸಿಪ್ಪೆಯಲ್ಲೇ ಬೆಂದಿದ್ದ ಹಣ್ಣು ಉದ್ದಕ್ಕೆ ಬಿರಿದಿತ್ತು. ಚೇಚಿ ಅದನ್ನು ಪುಸ್ತಕದ ಹಾಗೆ ಎರಡಾಗಿ ತೆರೆದು, ನಡುವಿನ ಕಪ್ಪು ಬೀಜದ ಎಳೆಯನ್ನು ಚಮಚದ ಹಿಡಿಯಿಂದ ಒಂದೇ ಎಳೆತಕ್ಕೆ ತೆಗೆದು ಬಿಸಾಡಿದರು. ಉಳಿದ ತಿರುಳನ್ನು ಬೆರಳಲ್ಲಿ ಹಿಸುಕಿ ಎರಡು ಚಮಚ ಬಿಸಿನೀರು ಬೆರೆಸಿದರು. ಮಕ್ಕಳಿಗೆ ಕೊಡುವಾಗ ಆ ಎಳೆ ತೆಗೆಯದೆ ಇರಬಾರದು, ಹೊಟ್ಟೆ ಕಟ್ಟುತ್ತದೆ ಎಂಬುದು ಅವರ ಮಾತು. ಅರ್ಧ ಹಣ್ಣು ಖಾಲಿಯಾಯಿತು. ನೇಂದ್ರವನ್ನು ಹಸಿಯಾಗಿ ಕೊಟ್ಟರೆ ಎಂಟು ತಿಂಗಳ ಬಾಯಿಗೆ ಗಟ್ಟಿ, ಜಗಿಯಲಾಗದ ತುಂಡು ಗಂಟಲಿಗೆ ಸಿಕ್ಕುತ್ತದೆ. ಬೇಯಿಸಿದರೆ ಬೆಣ್ಣೆ.

ಮಧ್ಯಾಹ್ನ ನಿದ್ದೆ. ಮಗು ಮಲಗಿದ ಎರಡು ಗಂಟೆಯಲ್ಲಿ ಊರು ನೋಡುವ ಆಸೆ ಬೇಡ, ತಾಯಿಯೂ ಆಗಲೇ ಮಲಗಬೇಕು. ಮೂರು ಗಂಟೆಯ ಮೇಲೆ ತಳ್ಳುಗಾಡಿಯಲ್ಲಿ ಹೊರಟೆವು. ಪರೇಡ್ ಮೈದಾನದ ಸುತ್ತ ಮಳೆಮರಗಳ ನೆರಳು, ರಸ್ತೆ ಸಮತಟ್ಟು, ಗಾಡಿ ಸುಖವಾಗಿ ಹೋಯಿತು. ಪ್ರಿನ್ಸೆಸ್ ಸ್ಟ್ರೀಟಿನ ಕಡೆ ತಿರುಗಿದ ಮೇಲೆ ಕಷ್ಟ ಶುರು. ಚರಂಡಿಗೆ ಮುಚ್ಚಿದ ಎರಡು ಕಲ್ಲುಚಪ್ಪಡಿಗಳ ಸಂದಿಗೆ ಮುಂದಿನ ಚಕ್ರ ಇಳಿದು ಅಡ್ಡಲಾಗಿ ಸಿಕ್ಕಿಕೊಂಡಿತು. ಮುಂದಿನ ಚಕ್ರ ಸಣ್ಣದಿದ್ದು ತಾನಾಗಿ ತಿರುಗುವ ಬಗೆಯದಾದರೆ ಹೀಗೇ ಆಗುತ್ತದೆ. ಚಪ್ಪಡಿ ಬಂದಾಗ ಹಿಡಿ ಒತ್ತಿ ಮುಂದಿನ ಚಕ್ರ ಎತ್ತಿ, ಹಿಂದಿನ ಎರಡರ ಮೇಲೆ ದಾಟಿಸಬೇಕು. ಮರುದಿನ ಗಾಡಿ ಕೋಣೆಯಲ್ಲೇ ಉಳಿಯಿತು. ಫೋರ್ಟ್ ಕೊಚ್ಚಿಗೆ ಕ್ಯಾರಿಯರ್ ಸಾಕು, ಗಾಡಿ ಬೇಕಿಲ್ಲ.

ಅಷ್ಟರಲ್ಲಿ ಮಳೆ. ಅಕ್ಟೋಬರ್, ನವೆಂಬರಿನಲ್ಲಿ ಇಲ್ಲಿ ಬರುವುದು ತುಲಾವರ್ಷ: ಬೆಳಗ್ಗೆ ಚುರುಕು ಬಿಸಿಲು, ಮಧ್ಯಾಹ್ನದ ಮೇಲೆ ಪೂರ್ವದಿಂದ ಮೋಡ, ಗುಡುಗು, ಒಂದು ಗಂಟೆ ಸುರಿದು ನಿಲ್ಲುವ ಮಳೆ. ಒಬ್ಬ ದರ್ಜಿಯ ಅಂಗಡಿಯ ಮೆಟ್ಟಿಲಿಗೆ ಓಡಿದೆವು. ಗುಡುಗಿಗೆ ಮಗು ಅಳತೊಡಗಿತು, ಹಾಲಿನ ಹೊತ್ತೂ ಆಗಿತ್ತು. ವಯಸ್ಸಾದ ದರ್ಜಿ ಏನೂ ಕೇಳದೆ ಒಳಗಿನ ಸ್ಟೂಲ್ ಎಳೆದು ಕೊಟ್ಟು, ಶಟರನ್ನು ಅರ್ಧ ಇಳಿಸಿ, ತಾವು ಹೊರಗೆ ನಮ್ಮೊಂದಿಗೆ ಬಂದು ನಿಂತರು. ಮಗಳು ಬೆಂಗಳೂರಿನಲ್ಲಿ ನರ್ಸ್, ಅವಳಿಗೂ ಸಣ್ಣ ಮಗು ಎಂದು ಮುರುಕು ಹಿಂದಿಯಲ್ಲಿ ಹೇಳಿದರು. ಎದೆಹಾಲು ಕೊಡಲು ಕೊಚ್ಚಿಯಲ್ಲಿ ಹೀಗೆ ಜಾಗ ಕೇಳಿದರೆ ಇಲ್ಲ ಎಂದವರು ಸಿಗಲಿಲ್ಲ. ಬಟ್ಟೆಯಂಗಡಿಯ ಟ್ರಯಲ್ ಕೋಣೆ, ಮನೆಯಡುಗೆಯ ಹೋಟೆಲಿನ ಒಳಗಿನ ಮೂಲೆ, ಎಲ್ಲ ಆಗುತ್ತದೆ.

ಮಳೆ ನಿಂತ ಮೇಲೆ ಸೇಂಟ್ ಫ್ರಾನ್ಸಿಸ್ ಚರ್ಚ್. ಪೋರ್ಚುಗೀಸರು 1503ರಲ್ಲಿ ಮರದಲ್ಲಿ ಕಟ್ಟಿ ಆಮೇಲೆ ಕಲ್ಲಿನಲ್ಲಿ ಎಬ್ಬಿಸಿದ್ದು. 1524ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡ ವಾಸ್ಕೋ ಡ ಗಾಮನನ್ನು ಮೊದಲು ಹೂತದ್ದು ಇಲ್ಲಿ, ಆಮೇಲೆ ಅಸ್ಥಿಯನ್ನು ಪೋರ್ಚುಗಲ್‌ಗೆ ಒಯ್ದರು. ಬೆಂಚುಗಳ ಮೇಲೆ ತೂಗುವ ಬಟ್ಟೆಯ ಪಂಖಾಗಳಿಗೆ ಕಟ್ಟಿದ ಹಗ್ಗ ಗೋಡೆಯಾಚೆ ಹೋಗುತ್ತದೆ. ಹಿಂದೆಲ್ಲ ಹೊರಗೆ ನಿಂತವರು ಅದನ್ನು ಎಳೆಯುತ್ತಿದ್ದರು. ಭಾನುವಾರ ಬೆಳಗ್ಗೆ ಪ್ರಾರ್ಥನೆ ಇರುವುದರಿಂದ ನೋಡಲು ಬರುವವರು ಮಧ್ಯಾಹ್ನದ ಮೇಲೆ ಬರಬೇಕು.

ಚೀನೀ ಬಲೆಗಳ ದಂಡೆಗೆ ಸೂರ್ಯ ಮುಳುಗುವ ಮೊದಲೇ ಹೋಗಿ, ಮುಳುಗುವ ಮೊದಲೇ ಮರಳುವುದು ಲೇಸು. ಆರು ಗಂಟೆಗೆ ಕತ್ತಲಾಗುತ್ತದೆ, ಸೊಳ್ಳೆ ಏಳುವುದೂ ಅದೇ ಹೊತ್ತಿಗೆ. ಬಲೆಯ ಒಂದು ತುದಿಗೆ ಹಗ್ಗದಲ್ಲಿ ಕಟ್ಟಿದ ಕಲ್ಲುಗಳ ತೂಕ, ನಾಲ್ಕೈದು ಜನ ಹಗ್ಗ ಜಗ್ಗಿದರೆ ಬಲೆ ಏಳುತ್ತದೆ. ಅಂದು ಬಲೆಯಲ್ಲಿ ಮೀನಿಗಿಂತ ಅಂತರಗಂಗೆಯೇ ಹೆಚ್ಚು ಬಂತು. ಅದನ್ನು ಬಿಡಿಸುತ್ತಿದ್ದವರ ಮುಖ ಬಾಡಿತ್ತು. ಹಗ್ಗ ಎಳೆಯಲು ಬನ್ನಿ ಎಂದು ಪ್ರವಾಸಿಗರನ್ನು ಮರದ ಅಟ್ಟಣಿಗೆಗೆ ಕರೆಯುತ್ತಾರೆ, ಮಗು ಹೊತ್ತವರು ಹೋಗಬಾರದು. ಹಲಗೆಗಳ ನಡುವೆ ಸಂದಿ, ಮೇಲೆ ಮೀನಿನ ಲೋಳೆ.

ಎರಡನೇ ದಿನ, ಸೋಮವಾರ: ಮಟ್ಟಾಂಚೇರಿ

ಬೆಳಗ್ಗೆ ಚೇಚಿಯ ಒಲೆಯಲ್ಲಿ ರಾಗಿ ಸರಿ. ಮೊಳಕೆ ಕಟ್ಟಿ, ಬಟ್ಟೆಯಲ್ಲಿ ಸೋಸಿದ ಹಿಟ್ಟು ಒಂದು ದೊಡ್ಡ ಚಮಚ, ನೀರು 150 ಮಿ.ಲೀ. ಹಿಟ್ಟನ್ನು ತಣ್ಣೀರಿನಲ್ಲೇ ಕದಡಿ ಆಮೇಲೆ ಒಲೆಗೆ ಇಡಬೇಕು. ಬಿಸಿನೀರಿಗೆ ಸುರಿದರೆ ಹೊರಗೆ ಬೆಂದು ಒಳಗೆ ಹಸಿಯಿರುವ ಗಂಟು ಕಟ್ಟುತ್ತದೆ. ಸಣ್ಣ ಉರಿಯಲ್ಲಿ ಐದಾರು ನಿಮಿಷ, ಬಣ್ಣ ಗಾಢವಾಗಿ ಹೊಳಪು ಬರುವವರೆಗೆ. ಕೋಣೆಯ ಎಲೆಕ್ಟ್ರಿಕ್ ಕೆಟಲ್‌ನಲ್ಲಿ ಇದನ್ನು ಮಾಡಲು ಹೋಗಬಾರದು, ತಳ ಹತ್ತಿ ಕೆಟಲ್ ಹಾಳಾಗುತ್ತದೆ. ದಾರಿಯ ಊಟಕ್ಕೆ ಹುರಿದ ಅವಲಕ್ಕಿಯ ನುಣ್ಣನೆ ಪುಡಿ: ಎರಡು ದೊಡ್ಡ ಚಮಚಕ್ಕೆ ಫ್ಲಾಸ್ಕಿನ ಕುದಿನೀರು 100 ಮಿ.ಲೀ., ಐದು ನಿಮಿಷ ಮುಚ್ಚಿಟ್ಟರೆ ಗಂಜಿ. ಅವಲಕ್ಕಿ ಮೊದಲೇ ಬೆಂದದ್ದಾದ್ದರಿಂದ ಇಷ್ಟು ಸಾಕು. ಒಂದು ವರ್ಷದವರೆಗೆ ಉಪ್ಪು ಬೇಡ, ಜೇನು ಬೇಡವೇ ಬೇಡ. ಹೋಟೆಲಿನಲ್ಲಿ ಅಪ್ಪದ ನಡುವಿನ ಮೆತ್ತನೆ ಭಾಗ, ಇಡಿಯಪ್ಪದ ಎಳೆ ಕೊಡಬಹುದು. ಸ್ಟ್ಯೂನಲ್ಲಿ ಉಪ್ಪು, ಮೆಣಸು ಎರಡೂ ಇರುತ್ತವೆ. ಪುಟ್ಟು ಪುಡಿಪುಡಿಯಾಗಿ ಗಂಟಲಿಗೆ ಹಿಡಿಯುತ್ತದೆ, ಹಣ್ಣಿನೊಂದಿಗೆ ಚೆನ್ನಾಗಿ ಹಿಸುಕಿದರೆ ಮಾತ್ರ ಸರಿ. ಕೇಳದೆಯೇ ತಂದಿಡುವ ನಸುಗೆಂಪು ನೀರು ಪತಿಮುಗ ಎಂಬ ಮರದ ಚಕ್ಕೆ ಹಾಕಿ ಕುದಿಸಿದ್ದು. ಅದು ದೊಡ್ಡವರಿಗೆ. ಮಗುವಿಗೆ "ಚೂಡುವೆಳ್ಳಂ" ಎಂದು ಬರೀ ಕುದಿಸಿದ ನೀರನ್ನು ಬೇರೆ ಕೇಳಿ ಫ್ಲಾಸ್ಕ್ ತುಂಬಿಸಿಕೊಳ್ಳಬೇಕು.

ಮೂವರ ಕೆಲಸ ಹಂಚಿಕೆ ಅಂದೇ ಗಟ್ಟಿಯಾದದ್ದು. ಒಬ್ಬರ ಮೈಮೇಲೆ ಮಗು, ಒಬ್ಬರ ಹೆಗಲಿಗೆ ಚೀಲ, ಮೂರನೆಯವರ ಕೈ ಖಾಲಿ. ಆ ಖಾಲಿ ಕೈಯೇ ಆಟೋ ನಿಲ್ಲಿಸುವುದು, ದುಡ್ಡು ಕೊಡುವುದು, ಬಾಗಿಲು ತೆರೆಯುವುದು, ಕೊಡೆ ಹಿಡಿಯುವುದು. ತಾಸಿಗೊಮ್ಮೆ ಬದಲು. ಗೆಳತಿಯರು ಜೊತೆಗಿದ್ದೂ ತಾಯಿಯೇ ಇಡೀ ದಿನ ಹೊತ್ತರೆ ಅದು ಅವಳ ಪ್ರವಾಸವೇ ಅಲ್ಲ.

ಕ್ಯಾರಿಯರ್ ಕಟ್ಟುವಾಗ ಮಗುವಿನ ಮಂಡಿ ಕುಂಡೆಗಿಂತ ಮೇಲಿರಬೇಕು, ಗಲ್ಲಕ್ಕೂ ಎದೆಗೂ ನಡುವೆ ಎರಡು ಬೆರಳು ಜಾಗ ಬೇಕು. ಗಲ್ಲ ಎದೆಗೆ ಒತ್ತಿದರೆ ಉಸಿರಿನ ದಾರಿ ಕಿರಿದಾಗುತ್ತದೆ. ಕೊಚ್ಚಿಯ ಸೆಖೆಯಲ್ಲಿ ಎರಡು ಮೈಗಳ ಬಿಸಿ ಒಂದಾಗುವುದರಿಂದ ನಡುವೆ ಒಂದು ತೋರ್ತು ಹರಡಿಕೊಂಡೆವು. ತೋರ್ತು ಎಂದರೆ ಕೇರಳದ ತೆಳು ಹತ್ತಿ ಟವೆಲ್. ಬೀದಿಯ ಯಾವ ಬಟ್ಟೆಯಂಗಡಿಯಲ್ಲೂ ಸಿಗುತ್ತದೆ. ದಪ್ಪ ಟರ್ಕಿ ಟವೆಲ್ ಇಲ್ಲಿಯ ತೇವಕ್ಕೆ ಎರಡು ದಿನವಾದರೂ ಒಣಗುವುದಿಲ್ಲ, ತೋರ್ತು ಫ್ಯಾನಿನ ಕೆಳಗೆ ರಾತ್ರಿ ಕಳೆಯುವುದರೊಳಗೆ ಗರಿಗರಿ. ನಾಲ್ಕು ಕೊಂಡರೆ ಬೆವರೊರೆಸಲು, ಹಾಲೂಡುವಾಗ ಮರೆಗೆ, ಮಲಗಿಸಲು, ಬಿಸಿಲಿಗೆ ಎಲ್ಲಕ್ಕೂ ಆಯಿತು. ಬಟ್ಟೆಯ ಲಂಗೋಟಿಗಳಿಗೂ ಇದೇ ತೇವದ ತೊಂದರೆ. ಈ ತಿಂಗಳಲ್ಲಿ ಡೈಪರನ್ನೇ ನೆಚ್ಚಬೇಕು. ದಿನಕ್ಕೆ ಆರರಿಂದ ಎಂಟು ಬೇಕಾಗುತ್ತದೆ. ಒಂದೂವರೆ ದಿನಕ್ಕಾಗುವಷ್ಟು ಒಯ್ದು ಉಳಿದದ್ದನ್ನು ಅಲ್ಲೇ ಕೊಂಡರೆ ಚೀಲ ಹಗುರ.

ಮಟ್ಟಾಂಚೇರಿ ಅರಮನೆಯನ್ನು ಪೋರ್ಚುಗೀಸರು ಹದಿನಾರನೇ ಶತಮಾನದ ಮಧ್ಯದಲ್ಲಿ ಕಟ್ಟಿ ಕೊಚ್ಚಿಯ ರಾಜನಿಗೆ ಕೊಟ್ಟರು. ಮುಂದಿನ ಶತಮಾನದಲ್ಲಿ ಡಚ್ಚರು ದುರಸ್ತಿ ಮಾಡಿಸಿದ್ದರಿಂದ ಊರವರ ಬಾಯಲ್ಲಿ ಅದು ಡಚ್ ಪ್ಯಾಲೇಸ್. ಮಹಡಿ ಏರಿದರೆ ರಾಜನ ಮಲಗುವ ಕೋಣೆಯ ಗೋಡೆ ತುಂಬ ರಾಮಾಯಣ. ದಶರಥನ ಯಾಗದಿಂದ ಅಯೋಧ್ಯೆಗೆ ಮರಳುವವರೆಗೆ, ಒಂದಿಂಚೂ ಖಾಲಿ ಬಿಡದೆ, ಕಾವಿಯ ಕೆಂಪು, ಎಲೆ ಹಸಿರು. ಕೋಣೆ ಮಬ್ಬು, ತಂಪು. ಕರಿ ಅಮೃತಶಿಲೆಯಂತೆ ಹೊಳೆಯುವ ನೆಲ ನಿಜವಾಗಿ ಸುಟ್ಟ ತೆಂಗಿನ ಚಿಪ್ಪು, ಇದ್ದಿಲು, ಸುಣ್ಣ, ಗಿಡದ ರಸ, ಮೊಟ್ಟೆಯ ಬಿಳಿ ಕಲಸಿ ತಿಕ್ಕಿದ ಗಾರೆ. ಬಿಸಿಲು ಏರುವ ಮೊದಲು ಬಂದು, ಈ ಮಬ್ಬಿನಲ್ಲಿ ಮಗುವಿನ ಬೆಳಗಿನ ನಿದ್ದೆ ಕ್ಯಾರಿಯರ್‌ನಲ್ಲೇ ಆಗುವಂತೆ ನೋಡಿಕೊಂಡರೆ ಚಿತ್ರಗಳನ್ನು ನೆಮ್ಮದಿಯಾಗಿ ನೋಡಬಹುದು.

ಅರಮನೆಯ ಹಿಂದೆಯೇ ಜ್ಯೂ ಟೌನ್. 1568ರ ಪರದೇಸಿ ಸಿನಗಾಗ್‌ನಲ್ಲಿ ಚಪ್ಪಲಿ ಹೊರಗೆ, ಹೆಗಲು ಮಂಡಿ ಮುಚ್ಚುವ ಬಟ್ಟೆ. ನೆಲದ ನೀಲಿ ಬಿಳಿ ಹೆಂಚುಗಳು ಚೀನಾದವು, ಕೈಯಲ್ಲೇ ಚಿತ್ರ ಬರೆದವು. ಅಷ್ಟರಲ್ಲಿ ಎದ್ದಿದ್ದ ಕೂಸಿಗೆ ಮೇಲೆ ತೂಗುವ ಗಾಜಿನ ದೀಪಗಳ ಮೇಲೇ ಕಣ್ಣು. ಹೊರಬರುವಾಗ ಅವಾಂತರ: ಡೈಪರ್ ಪಕ್ಕದಿಂದ ಸೋರಿ ಕ್ಯಾರಿಯರ್, ಹೊತ್ತವರ ಕುರ್ತಾ ಎರಡೂ ಒದ್ದೆ. ಕಾಲು ಅಗಲಿಸಿ ಕೂತ ಮಗುವಿನ ಭಾರ ಒದ್ದೆ ಡೈಪರಿನ ಮೇಲೆ ಬಿದ್ದು, ಹೀರಿಕೊಂಡದ್ದು ತೊಡೆಯ ಪಕ್ಕದಿಂದ ಹಿಂಡಿ ಬರುತ್ತದೆ. ಕ್ಯಾರಿಯರ್‌ಗೆ ಒಂದು ಅಳತೆ ದೊಡ್ಡ ಡೈಪರ್ ಹಾಕಿ, ತೊಡೆಯ ಸುತ್ತಲಿನ ನೆರಿಗೆಯನ್ನು ಬೆರಳಿನಿಂದ ಪೂರ್ತಿ ಹೊರಗೆಳೆದರೆ ಇದು ತಪ್ಪುತ್ತದೆ. ಚೀಲದಲ್ಲಿ ಮಗುವಿಗೆ ಎರಡು ಜೊತೆಯಷ್ಟೇ ಅಲ್ಲ, ದೊಡ್ಡವರಿಗೂ ಒಂದು ಮೇಲಂಗಿ ಇರಬೇಕು.

ಬಜಾರ್ ರೋಡಿನ ಉಗ್ರಾಣಗಳಲ್ಲಿ ಶುಂಠಿ, ಕಾಳುಮೆಣಸಿನ ಮೂಟೆ ಇಳಿಸುತ್ತಿದ್ದರು. ವಾಸನೆಗೆ ಮನಸೋತು ಒಳಹೊಕ್ಕರೆ ಧೂಳಿಗೆ ಮಗು ಸೀನತೊಡಗುತ್ತದೆ. ಒಣಮೆಣಸಿನ ಅಂಗಡಿಯ ಹತ್ತಿರವೂ ಸುಳಿಯಬಾರದು. ಆಟೋದಲ್ಲಿ ಚೆರ್ಲಾಯಿಗೆ ಹೋದೆವು. ಗೋವೆಯಿಂದ ಬಂದ ಕೊಂಕಣಿಗಳು ತಲೆಮಾರುಗಳಿಂದ ನೆಲೆಸಿರುವ ಕೇರಿ, ನಡುವೆ ಅವರ ತಿರುಮಲ ದೇವಸ್ಥಾನ. ನಮ್ಮಲ್ಲೊಬ್ಬಳು ಕುಮಟಾದವಳು. ಹಪ್ಪಳದ ಅಂಗಡಿಯ ಅಜ್ಜಿಯೊಂದಿಗೆ ಅವಳ ಕೊಂಕಣಿ, ಸ್ವಲ್ಪ ತಡವರಿಸಿ, ಹೊಂದಿಕೊಂಡುಬಿಟ್ಟಿತು. ಕುಮಟಾ ಎಲ್ಲಿದೆ ಎಂದು ಅಜ್ಜಿ ಕೇಳಿದರು, ಗೋಕರ್ಣದ ಪಕ್ಕ ಎಂದದ್ದಕ್ಕೆ ಕೈಮುಗಿದರು. ಮಗುವನ್ನು ಮಡಿಲಿಗೆ ತೆಗೆದುಕೊಂಡು, ಎದೆಹಾಲು ಸಾಕಷ್ಟು ಬರುತ್ತಿದೆಯೇ ಎಂದು ತಾಯಿಯನ್ನು ವಿಚಾರಿಸಿ, ಮೆಂತ್ಯದ ಗಂಜಿ ಮಾಡುವ ಕ್ರಮ ಹೇಳಿದರು. ಊರಲ್ಲಿ ಬಾಣಂತಿಗೆ ಕೊಟ್ಟದ್ದೇ ಅದು, ಬೆಲ್ಲ ಮಾತ್ರ ಇಲ್ಲಿ ಹೆಚ್ಚು.

ಮೂರನೇ ದಿನ, ಮಂಗಳವಾರ: ತ್ರಿಪ್ಪೂಣಿತ್ತುರ

ಲಗೇಜನ್ನು ಎರ್ನಾಕುಲಂ ಕಡೆ ಇಟ್ಟು ಮೆಟ್ರೋ ಹತ್ತಿದೆವು. 2017ರಲ್ಲಿ ಶುರುವಾದ ಈ ಮೆಟ್ರೋ ತ್ರಿಪ್ಪೂಣಿತ್ತುರ ಮುಟ್ಟಿದ್ದು 2024ರಲ್ಲಿ. ಟಿಕೆಟ್ ಕೌಂಟರಿನಿಂದ ನೆಲ ಒರೆಸುವವರೆಗೆ ಕೇರಳದ ಮಹಿಳಾ ಸಂಘಗಳ ಜಾಲವಾದ ಕುಟುಂಬಶ್ರೀಯ ಹೆಂಗಸರೇ ಕೆಲಸಕ್ಕಿರುತ್ತಾರೆ. ಲಿಫ್ಟ್ ಎಲ್ಲಿ ಎಂದು ಕೇಳಿದಾಗ ಒಬ್ಬಾಕೆ ಬಾಗಿಲವರೆಗೂ ಬಂದು, ಎಸ್ಕಲೇಟರಿನಲ್ಲಿ ತಳ್ಳುಗಾಡಿ ಏರಿಸಬೇಡಿ ಎಂದು ಎರಡೆರಡು ಸಲ ಹೇಳಿ ಹೋದರು.

ಹಿಲ್ ಪ್ಯಾಲೇಸ್ ಕೊಚ್ಚಿ ರಾಜಮನೆತನದ ಅರಮನೆ, 1865ರಿಂದ ಒಂದೊಂದಾಗಿ ಎದ್ದ 49 ಕಟ್ಟಡಗಳು, 54 ಎಕರೆ ತೋಟ. ಮೆಟ್ಟಿಲು ಬಹಳ. ದೊಡ್ಡ ಚೀಲ ಹೊರಗಿಟ್ಟು ಹೋಗಬೇಕು, ಒಳಗೆ ಬರಿಗಾಲು. ಆದ್ದರಿಂದ ಸರದಿ ಮಾಡಿಕೊಂಡೆವು: ಇಬ್ಬರು ಒಳಗೆ, ಒಬ್ಬರು ಮರದಡಿ ಮಗುವಿನೊಂದಿಗೆ. ತಾಯಿಯ ಸರದಿ ಹಾಲು ಕುಡಿಸಿದ ಕೂಡಲೇ. ಆಗ ಒಂದೂವರೆ ಗಂಟೆ ಅವಳಿಗೆ ಬಿಡುವು, ಕಿರೀಟ, ಪಲ್ಲಕ್ಕಿ, ಸಾರೋಟುಗಳನ್ನು ಅವಳು ಹೆಸರು ಫಲಕ ಓದುತ್ತ ನೋಡಿದಳು. ಹಿಂಡಿದ ಎದೆಹಾಲು ಬಾಟಲಿಯಲ್ಲಿದ್ದರೆ ಬಿಡುವು ಇನ್ನೂ ಹಿಗ್ಗುತ್ತದೆ. ಆದರೆ ನಾಲ್ಕು ಗಂಟೆ ಇಡಬಹುದು ಎಂಬ ಲೆಕ್ಕ 25 ಡಿಗ್ರಿಯೊಳಗಿನ ಕೋಣೆಗೆ. ಕೊಚ್ಚಿಯ ಹಗಲು 30 ದಾಟುತ್ತದೆ, ಐಸ್ ಪ್ಯಾಕ್ ಇರುವ ಚೀಲ ಬೇಕೇ ಬೇಕು. ಪುಡಿ ಹಾಲಾದರೆ ಮಗು ಬಾಯಿಟ್ಟ ಒಂದು ಗಂಟೆಯಲ್ಲಿ ಉಳಿದದ್ದನ್ನು ಚೆಲ್ಲಬೇಕು.

ಸಂಜೆಯ ರೈಲಿಗೆ ಮೊದಲು ಎರ್ನಾಕುಲಂ ಪೇಟೆಯಲ್ಲಿ ಏತ್ತಕ್ಕಾಯಿ ಕೊಂಡೆವು. ಹಣ್ಣಾದದ್ದನ್ನು ಕೊಂಡರೆ ರೈಲಿನಲ್ಲೇ ನಜ್ಜುಗುಜ್ಜಾಗುತ್ತದೆ. ಹಸಿರು ಮಾಸಿ ಅಂಚಿಗೆ ಹಳದಿ ತಿರುಗಿದ ಕಾಯಿ ತಂದು ಕಾಗದ ಸುತ್ತಿಟ್ಟರೆ ಬೆಂಗಳೂರಿನ ಚಳಿಗೆ ನಾಲ್ಕೈದು ದಿನದಲ್ಲಿ ಒಂದೊಂದಾಗಿ ಹಣ್ಣಾಗುತ್ತದೆ. ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ ಬಿದ್ದಾಗ ಹಬೆಯಲ್ಲಿ ಹತ್ತು ಹನ್ನೆರಡು ನಿಮಿಷ ಬೇಯಿಸಿ, ನಡುವಿನ ಎಳೆ ತೆಗೆದು ಕೊಡಬಹುದು.